ಪಕ್ಕದವರ ಫೋನ್ ಸೌಂಡಿಗೆ ನಂಗೆ ಇಷ್ಟೊಂದು ಸಿಟ್ಟು ಬರೋದು ಸರೀನಾ?

ಪ್ರಶ್ನೆ: ನಂಗೆ 36 ವರ್ಷ, ಮಂಡ್ಯದಿಂದ ಕೆಂಗೇರಿಗೆ ದಿನಾ ಟ್ರೇನಲ್ಲಿ ಓಡಾಡ್ತೀನಿ. ಬೆಳಿಗ್ಗೆ ಹತ್ತಿ ಕೂತ ತಕ್ಷಣ ಶುರು, ಒಬ್ರು ರೀಲ್ಸು, ಇನ್ನೊಬ್ರು ಸೀರಿಯಲ್ಲು, ಮತ್ತೊಬ್ರು ಸ್ಪೀಕರ್ ಆನ್ ಮಾಡ್ಕೊಂಡು ಮನೆ ವಿಷಯ ಎಲ್ಲಾ ಮಾತಾಡ್ತಾರೆ, ಎಲ್ಲವೂ ಫುಲ್ ವಾಲ್ಯೂಮು. ಹೋದ ವಾರ ತಡೆಯೋಕಾಗ್ದೆ ಒಬ್ಬ ಹುಡುಗನ ಮೇಲೆ ಕೂಗಾಡ್ಬಿಟ್ಟೆ. ಅವ್ನು ಸೌಂಡ್ ಇನ್ನೂ ಜಾಸ್ತಿ ಮಾಡ್ದ. ಬೋಗಿಯಲ್ಲಿ ಒಬ್ರೂ ನನ್ನ ಪರ ಮಾತಾಡ್ಲಿಲ್ಲ, ಎದುರಿಗಿದ್ದ ಹಿರಿಯರೊಬ್ರು ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಮ್ಮ’ ಅಂತ ನಂಗೇ ಹೇಳಿದ್ರು. ಆಫೀಸಿಗೆ ಹೋದ್ಮೇಲೂ ಕೈ ನಡುಗ್ತಿತ್ತು. ಸಂಜೆ ಮನೆಗೆ ಬಂದ್ರೆ ಮಾವ (72 ವರ್ಷ) ಟಿವಿ ನ್ಯೂಸು ಬೀದಿಗೆ ಕೇಳೋ ಹಾಗೆ ಹಾಕ್ಕೊಂಡಿರ್ತಾರೆ. ನಮ್ಮ ಯಜಮಾನ್ರು ನಿಂದೇ ಓವರ್ ಆಯ್ತು, ಡಾಕ್ಟ್ರಿಗೆ ತೋರ್ಸು ಅಂತಾರೆ. ಮಿಸೋಫೋನಿಯಾ ಅಂತ ಒಂದು ಸಮಸ್ಯೆ ಬಗ್ಗೆ ವಿಡಿಯೋ ನೋಡ್ದೆ, ನಂಗೂ ಅದೇ ಇದ್ಯಾ? ಈಗ 8 ವರ್ಷದ ಮಗಳು ಕೂಡ ಎಲ್ಲಿ ಹೋದ್ರೂ ಫೋನ್ ಸೌಂಡ್ ಇಟ್ಕೊಂಡೇ ನೋಡೋಕೆ ಶುರು ಮಾಡಿದಾಳೆ. ತಪ್ಪು ನಂದಾ, ಜನರದ್ದಾ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ವಿಷಯ ಒಂದಕ್ಕೊಂದು ಸುತ್ಕೊಂಡಿದೆ. ಒಂದು, ಆ ಸೌಂಡಿಂದ ಆಗೋ ಹಿಂಸೆ. ಇನ್ನೊಂದು, ಕೇಳಿದ್ರೂ ಯಾರೂ ಲೆಕ್ಕಕ್ಕೇ ಇಟ್ಕೊಳ್ಳಲಿಲ್ಲ, ಕೊನೆಗೆ ನೀವೇ ಕೆಟ್ಟವ್ರಾದ್ರಿ ಅನ್ನೋ ನೋವು. ನಾನು ಕೌನ್ಸೆಲಿಂಗ್ ರೂಮಲ್ಲಿ ನೋಡಿರೋ ಪ್ರಕಾರ ಮನುಷ್ಯರನ್ನ ಹೆಚ್ಚು ದಿನ ಕಾಡೋದು ಎರಡನೇದೇ. ಸೌಂಡು ಕೆಂಗೇರಿ ಸ್ಟೇಷನ್ನಲ್ಲಿ ಇಳಿದಾಗ ನಿಂತುಹೋಯ್ತು, ಕೈ ನಡುಗೋದು ಆಫೀಸ್ ತನಕ ಬಂತು ಅಂದ್ರೆ ಅದು ಕಿವಿಯ ವಿಷಯ ಮಾತ್ರ ಅಲ್ಲ.

ಸಿಟ್ಟು ಬರೋದು ಸರೀನಾ ಅಂತ ಕೇಳಿದೀರ, ಸರಿ. ಇದ್ರಲ್ಲಿ ನಂಗೆ ಅನುಮಾನ ಇಲ್ಲ. ಬೇರೆಯವರು ತಪ್ಪಿಸ್ಕೊಂಡು ಎದ್ದು ಹೋಗೋಕಾಗದ ಜಾಗದಲ್ಲಿ ಫೋನ್ ಜೋರಾಗಿ ಹಾಕೋದು ತಪ್ಪೇ, ಅದಕ್ಕೆ ಡಾಕ್ಟರ್ ಸರ್ಟಿಫಿಕೇಟ್ ಬೇಕಾಗಿಲ್ಲ. ನೀವೊಬ್ರೇ ಹಿಂಗೆ ಅಂತಾನೂ ಅಲ್ಲ, ಇದೇ ವಿಷಯ ಹೈಕೋರ್ಟ್ ತನಕ ಹೋಗಿ 2021ರ ನವೆಂಬರಲ್ಲಿ ಕೆಎಸ್ಆರ್‌ಟಿಸಿ ಬಸ್ಸಲ್ಲಿ ಪ್ರಯಾಣಿಕರು ಮೊಬೈಲಲ್ಲಿ ಜೋರಾಗಿ ಹಾಡು, ವಿಡಿಯೋ ಹಾಕ್ಬಾರ್ದು ಅಂತ ಸುತ್ತೋಲೆನೇ ಬಂತು, ಹೇಳಿದ್ರೂ ಕೇಳದಿದ್ರೆ ಕಂಡಕ್ಟರ್ ಅವ್ರನ್ನ ಇಳಿಸ್ಬಹುದು. ಯಾರೋ ಒಬ್ರಿಗೆ ಓವರ್ ಆಗಿದ್ದಕ್ಕೆ ಕೋರ್ಟು ಅಷ್ಟು ತಲೆ ಕೆಡಿಸ್ಕೊಳ್ಳಲ್ಲ.

ಆದ್ರೆ ಸಿಟ್ಟು ಸರಿ ಅಂದ ಮಾತ್ರಕ್ಕೆ ಸಿಟ್ಟಲ್ಲಿ ಮಾಡಿದ್ದೆಲ್ಲಾ ಕೆಲ್ಸ ಮಾಡುತ್ತೆ ಅಂತಲ್ಲ, ಅದಕ್ಕೇ ಸ್ವಲ್ಪ ವಿವರವಾಗಿ ಬರೀತಿದೀನಿ.

ಮೊದ್ಲು ಸೌಂಡಿನ ವಿಷಯ. ಟ್ರೇನೇ ಸಿಕ್ಕಾಪಟ್ಟೆ ಗಲಾಟೆ ಮಾಡುತ್ತೆ, ಗಾಲಿ ಸದ್ದು, ಹಾರ್ನು, ಮದ್ದೂರಲ್ಲಿ ವಡೆ ವಡೆ ಅಂತ ಕೂಗ್ಕೊಂಡು ಬರೋರು, ಅದ್ಯಾವುದಕ್ಕೂ ನಿಮ್ಗೆ ಇಷ್ಟು ಸಿಟ್ಟು ಬರಲ್ಲ ಅನ್ಕೋತೀನಿ. ರೀಲ್ಸ್ ಸೌಂಡು ಡೆಸಿಬೆಲ್ ಲೆಕ್ಕದಲ್ಲಿ ಅದಕ್ಕಿಂತ ಕಮ್ಮಿನೇ ಇರಬಹುದು. ಹಾಗಿದ್ರೂ ಅದೇ ಯಾಕೆ ಚುಚ್ಚುತ್ತೆ? ಒಂದೇ ಥರ ಬರೋ ಸದ್ದನ್ನ ಮೆದುಳು ಸ್ವಲ್ಪ ಹೊತ್ತಲ್ಲಿ ಪಕ್ಕಕ್ಕಿಡುತ್ತೆ, ಬದಲಾಗ್ತಾ ಇರೋ ಸದ್ದನ್ನ ಇಡೋಕಾಗಲ್ಲ. ರೀಲ್ಸಲ್ಲಿ ಕೆಲವೇ ಸೆಕೆಂಡಿಗೊಂದ್ಸಲ ಹಾಡು ಹೋಗಿ ನಗು, ನಗು ಹೋಗಿ ಅಳು, ಅದು ಹೋಗಿ ಯಾರೋ ಕಿರುಚೋದು, ಪ್ರತಿ ಸಲ ಹೊಸ ಸದ್ದು ಬಂದಾಗ್ಲೂ ಏನದು ಅಂತ ಗಮನ ತಾನಾಗೇ ಆ ಕಡೆ ತಿರುಗುತ್ತೆ, ನೀವು ಬೇಡ ಅಂದ್ರೂ ತಿರುಗುತ್ತೆ. ಫೋನಲ್ಲಿ ಮಾತಾಡೋರದ್ದೂ ಹಾಗೇ. 2010ರಲ್ಲಿ ಅಮೆರಿಕದ ಕಾರ್ನೆಲ್ ಯೂನಿವರ್ಸಿಟಿಯ ಸಂಶೋಧಕರು ಇದನ್ನ ಪರೀಕ್ಷೆ ಮಾಡಿ ನೋಡಿದ್ರು, ಇಬ್ಬರ ಮಾತೂ ಕೇಳಿಸಿದಾಗ ಆಗೋದಕ್ಕಿಂತ ಒಬ್ಬರ ಮಾತು ಮಾತ್ರ ಕೇಳಿಸಿದಾಗ ಪಕ್ಕದವರ ಕೆಲ್ಸ ಹೆಚ್ಚು ಕೆಡುತ್ತೆ ಅಂತ ಗೊತ್ತಾಯ್ತು. ಮುಂದೆ ಏನ್ ಹೇಳ್ತಾರೆ ಅನ್ನೋದು ಊಹಿಸೋಕಾಗಲ್ಲ, ಹಂಗಾಗಿ ಮೆದುಳು ಖಾಲಿ ಜಾಗ ತುಂಬ್ತಾನೇ ಇರುತ್ತೆ. ಇದು ನಿಮ್ಮ ಸ್ವಭಾವದ ದೋಷ ಅಲ್ಲ, ಎಲ್ಲರ ಮೆದುಳೂ ಹೀಗೇ.

ಇದಕ್ಕಿಂತ ಮುಖ್ಯವಾದ ಇನ್ನೊಂದಿದೆ. 1970ರ ಆಸುಪಾಸಲ್ಲಿ ಡೇವಿಡ್ ಗ್ಲಾಸ್ ಮತ್ತೆ ಜೆರೋಮ್ ಸಿಂಗರ್ ಅನ್ನೋ ಮನಶ್ಶಾಸ್ತ್ರಜ್ಞರು ಜನರನ್ನ ಕೂರ್ಸಿ ಕರ್ಕಶವಾದ ಸದ್ದು ಕೇಳಿಸಿದ್ರು. ಕೆಲವರಿಗೆ ಮಾತ್ರ ಒಂದು ಬಟನ್ ಕೊಟ್ಟು, ಬೇಕಿದ್ರೆ ಒತ್ತಿ, ಸದ್ದು ನಿಲ್ಲುತ್ತೆ, ಆದ್ರೆ ಒತ್ತದೇ ಇದ್ರೆ ನಮಗೆ ಅನುಕೂಲ ಅಂದ್ರು. ಅವರಲ್ಲಿ ಹೆಚ್ಚಿನವರು ಒತ್ತಲೇ ಇಲ್ಲ, ಅಂದ್ರೆ ಎರಡೂ ಗುಂಪು ಕೇಳಿದ್ದು ಅಷ್ಟೇ ಸದ್ದು. ಆದ್ರೂ ಆಮೇಲೆ ಕೊಟ್ಟ ಕೆಲ್ಸದಲ್ಲಿ ಬಟನ್ ಇದ್ದವರು ತಪ್ಪು ಕಮ್ಮಿ ಮಾಡಿದ್ರು, ಕಷ್ಟದ ಪಜಲ್ ಕೊಟ್ಟಾಗ ಹೆಚ್ಚು ಹೊತ್ತು ಬಿಡದೆ ಪ್ರಯತ್ನ ಪಟ್ರು. ನಿಲ್ಲಿಸೋಕೆ ನನ್ನ ಕೈಲಾಗುತ್ತೆ ಅನ್ನೋ ನಂಬಿಕೆ ಇದ್ರೆ ಅದೇ ಸದ್ದು ಅಷ್ಟು ಸುಸ್ತು ಮಾಡಲ್ಲ. ನಿಮ್ಮ ಬೋಗಿಯಲ್ಲಿ ನಿಮ್ಮ ಕೈಗೆ ಆ ಬಟನ್ ಇಲ್ಲ. ಕೇಳಿದ್ರೆ ಜಗಳ ಆಗ್ಬಹುದು, ಕೇಳದಿದ್ರೆ ಒಂದೂವರೆ ಗಂಟೆ ಸಹಿಸ್ಬೇಕು, ಈ ಇಕ್ಕಟ್ಟೇ ನಿಮ್ಮನ್ನ ಹಿಂಡ್ತಿರೋದು. ನಾನು ಮುಂದೆ ಹೇಳೋ ಉಪಾಯಗಳೆಲ್ಲಾ ಆ ಬಟನ್ನನ್ನ ಸ್ವಲ್ಪ ಮಟ್ಟಿಗಾದ್ರೂ ನಿಮ್ಮ ಕೈಗೆ ಕೊಡೋಕೆ.

ಇನ್ನು ಎದುರಿಗಿರೋರ ವಿಷಯ. ಬೇಕುಬೇಕಂತ ಮಾಡ್ತಾರೆ, ಸಂಸ್ಕಾರ ಇಲ್ಲ, ಓದಿಲ್ಲದವರು ಹಿಂಗೇ ಅಂತೆಲ್ಲಾ ನನ್ನ ಹತ್ರ ಬರೋರು ಹೇಳ್ತಾರೆ. ಓದಿಗೂ ಇದಕ್ಕೂ ಸಂಬಂಧ ಇಲ್ಲ, ಏರ್‌ಪೋರ್ಟ್ ಲೌಂಜಲ್ಲಿ ಹೋಗಿ ಕೂತು ನೋಡಿ, ಲ್ಯಾಪ್‌ಟಾಪ್ ತೆಗೆದು ಸ್ಪೀಕರಲ್ಲೇ ಮೀಟಿಂಗ್ ಮಾಡೋರು ಸಿಗ್ತಾರೆ. ಬೇಕುಬೇಕಂತ ಮಾಡೋರು ಇದಾರೆ, ಆದ್ರೆ ಅವರು ಕಮ್ಮಿ. ಹೆಚ್ಚಿನವರಿಗೆ ನಿಜವಾಗ್ಲೂ ಗೊತ್ತಾಗಲ್ಲ. ತಮ್ಮ ಫೋನಿನ ಸೌಂಡು ತಾವೇ ಬೇಕು ಅಂತ ಹಾಕಿರೋದ್ರಿಂದ ಅದು ಅವರಿಗೆ ಸದ್ದಾಗಿ ಕೇಳ್ಸೋದೇ ಇಲ್ಲ, ಪಕ್ಕದವನ ಫೋನು ಕೂಗಿದ್ರೆ ಮಾತ್ರ ಅವರೂ ಮುಖ ಸಿಂಡರಿಸ್ತಾರೆ.

ಜೊತೆಗೆ ನಮ್ಮ ಕಡೆ ಸದ್ದು ಹಂಚ್ಕೊಂಡು ಕೇಳೋ ರೂಢಿ ಬಹಳ ಹಳೇದು. ಹೋಟೆಲಲ್ಲಿ ರೇಡಿಯೋ, ಅಂಗಡಿ ಮುಂದೆ ನಿಂತು ಕ್ರಿಕೆಟ್ ಕಾಮೆಂಟ್ರಿ, ಊರಿಗೆಲ್ಲಾ ಕೇಳೋ ಹಾಗೆ ದೇವಸ್ಥಾನದ ಮೈಕು. ಒಂದು ಕಾಲಕ್ಕೆ ಇದು ಧಾರಾಳತನ, ನಿಮ್ಗೂ ಕೇಳ್ಲಿ ಅಂತ ವಾಲ್ಯೂಮ್ ಜಾಸ್ತಿ ಇಡೋರು. ಒಂದು ರೇಡಿಯೋ ಇದ್ದ ಕಡೆ ಅದು ನಡೀತಿತ್ತು. 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗ ಆದ್ಮೇಲೆ ಒಂದೇ ಬೋಗಿಯಲ್ಲಿ ಎಪ್ಪತ್ತು ಜನರ ಕೈಯಲ್ಲೂ ವಿಡಿಯೋ ಬಂತು, ಅಭ್ಯಾಸ ಮಾತ್ರ ಒಂದು ರೇಡಿಯೋ ಕಾಲದ್ದೇ ಉಳೀತು. ಮೇಲಿಂದ ಫೋನ್ ಬಾಕ್ಸಲ್ಲಿ ಈಗ ಇಯರ್‌ಫೋನ್ ಬರೋದೇ ಅಪರೂಪ, ಎಷ್ಟೋ ಫೋನಿಗೆ ಹಳೇ ಇಯರ್‌ಫೋನ್ ಚುಚ್ಚೋ ತೂತೂ ಇಲ್ಲ. ಇದು ಸಮರ್ಥನೆ ಅಲ್ಲ. ಆದ್ರೆ ಅವನು ನನ್ನನ್ನ ಅವಮಾನ ಮಾಡೋಕೇ ಹಿಂಗ್ ಮಾಡ್ತಿದಾನೆ ಅಂತ ಓದ್ಕೊಂಡ್ರೆ ಒಂದು ಸಿಟ್ಟು, ಅವನಿಗೆ ಗೊತ್ತೇ ಆಗ್ತಿಲ್ಲ ಅಂತ ಓದ್ಕೊಂಡ್ರೆ ಇನ್ನೊಂದು ಸಿಟ್ಟು, ಎರಡನೇದ್ರಲ್ಲಿ ಬಾಯಿಂದ ಬರೋ ಮಾತು ಬೇರೆ ಇರುತ್ತೆ.

ಒಬ್ರೂ ನನ್ನ ಪರ ಬರಲಿಲ್ಲ ಅಂದ್ರಲ್ಲ, ಆ ಸಾಲು ಓದಿ ಬೇಜಾರಾಯ್ತು. ಆದ್ರೆ ಅಲ್ಲಿ ಸುಮ್ನೆ ಕೂತಿದ್ದವರೆಲ್ಲಾ ಆ ಹುಡುಗನ ಪರ ಅಂತ ದಯವಿಟ್ಟು ಅನ್ಕೋಬೇಡಿ. ಎಲ್ಲರಿಗೂ ಒಳಗೊಳಗೇ ಕಿರಿಕಿರಿ ಆಗ್ತಿರುತ್ತೆ, ಆದ್ರೆ ಉಳಿದವರು ಸುಮ್ನಿದಾರಲ್ಲ, ಅವರಿಗೆ ಪರವಾಗಿಲ್ವೇನೋ, ನಂಗೆ ಮಾತ್ರ ಹಿಂಗೇನೋ ಅಂತ ಪ್ರತಿಯೊಬ್ರೂ ಅನ್ಕೊಂಡು ಸುಮ್ನಾಗ್ತಾರೆ. ಅದೂ ಅಲ್ಲದೆ ನೀವು ಕೂಗಾಡಿದ ಹೊತ್ತಿಗೆ ಅದು ಜಗಳ ಆಗಿತ್ತು, ಜಗಳದ ಮಧ್ಯೆ ಹೋಗೋಕೆ ಜನ ಹೆದರ್ತಾರೆ. ಆ ಹಿರಿಯರು ನಿಮ್ಗೆ ಅಡ್ಜಸ್ಟ್ ಮಾಡ್ಕೊ ಅಂದಿದ್ದೂ ಇದಕ್ಕೇ, ಸೌಂಡು ನಿಲ್ಲಿಸೋದಕ್ಕಿಂತ ಜಗಳ ನಿಲ್ಲಿಸೋದು ಅವರಿಗೆ ತುರ್ತಾಗಿ ಕಂಡಿದೆ, ಇಬ್ಬರಲ್ಲಿ ಯಾರು ಮಾತು ಕೇಳ್ಬಹುದು ಅನ್ಸುತ್ತೋ ಅವರಿಗೆ ಹೇಳಿದಾರೆ. ಹೆಂಗಸರಿಗೇ ಈ ಮಾತು ಹೆಚ್ಚು ಬೀಳೋದು, ಅದು ಅನ್ಯಾಯ.

ಮಿಸೋಫೋನಿಯಾ ಬಗ್ಗೆ ಕೇಳಿದೀರ. ಇದು ನಿಜವಾದ ಸಮಸ್ಯೆ, 2001ರಲ್ಲಿ ಹೆಸರು ಬಂತು, ನಮ್ಮ ಮೈಸೂರಿನ ಕಾಲೇಜು ವಿದ್ಯಾರ್ಥಿಗಳ ಮೇಲೂ ಇದರ ಅಧ್ಯಯನ ಆಗಿದೆ. ಆದ್ರೆ ಜೋರು ಸದ್ದಿಗೆ ಸಿಟ್ಟು ಬರೋದಕ್ಕೆಲ್ಲಾ ಆ ಹೆಸರು ಇಡೋಕಾಗಲ್ಲ. ಮಿಸೋಫೋನಿಯಾ ಇರೋರಿಗೆ ಸದ್ದು ಜೋರಾಗಿರೋದು ಮುಖ್ಯ ಅಲ್ಲ, ಕೆಲವು ನಿರ್ದಿಷ್ಟ ಸದ್ದುಗಳು, ಸಾಮಾನ್ಯವಾಗಿ ಬಾಯಿ ಮೂಗಿನ ಸದ್ದು, ಅಗಿಯೋದು, ಸೊರ್ ಅಂತ ಕುಡಿಯೋದು, ಮೂಗು ಎಳ್ಕೊಳ್ಳೋದು, ಇಲ್ಲಾ ಪೆನ್ನು ಟಕ್ ಟಕ್ ಅನ್ಸೋದು, ಎಷ್ಟೇ ಮೆಲ್ಲಗಿದ್ರೂ ಕ್ಷಣದಲ್ಲಿ ಅಸಹ್ಯ ಮತ್ತೆ ಕೋಪ ಉಕ್ಕುತ್ತೆ, ಅದೂ ಮನೆಯವರು ಮಾಡಿದಾಗ ಇನ್ನೂ ಜಾಸ್ತಿ, ಎಷ್ಟೋ ಜನ ಇದೇ ಕಾರಣಕ್ಕೆ ಜೊತೆಗೆ ಕೂತು ಊಟ ಮಾಡೋದೇ ಬಿಟ್ಟಿರ್ತಾರೆ. ನೀವು ಬರೆದಿದ್ರಲ್ಲಿ ಅದ್ಯಾವುದೂ ಇಲ್ಲ. ಹಾಗಿದ್ರೂ ಇದು ಇತ್ತೀಚೆಗೆ ಒಂದೇ ಸಲ ಜಾಸ್ತಿ ಆಗಿದ್ಯಾ, ನಿದ್ದೆ ಸರಿಯಾಗಿ ಆಗ್ತಿದ್ಯಾ, ಸದ್ದಿಲ್ಲದ ವಿಷಯಕ್ಕೂ ಬೇಗ ರೇಗ್ತಿದೀರಾ ಅಂತ ಒಮ್ಮೆ ನೋಡ್ಕೊಳ್ಳಿ. ನಿದ್ದೆಗೆಟ್ಟವರಿಗೆ, ಮೈಗ್ರೇನ್ ಇರೋರಿಗೆ, ಆತಂಕ ಅಥವಾ ಖಿನ್ನತೆ ಒಳಗೊಳಗೇ ಶುರುವಾಗಿರೋರಿಗೆ ಸದ್ದು ತಡೆಯೋ ಶಕ್ತಿ ಕಮ್ಮಿ ಆಗುತ್ತೆ. ಎರಡು ಮೂರು ವಾರ ಬಿಟ್ಟೂ ಬಿಡದೆ ಹಿಂಗಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಹೆಲ್ಪ್‌ಲೈನ್ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಫ್ರೀ, ಕನ್ನಡದಲ್ಲೇ ಮಾತಾಡಬಹುದು. ನಿಮ್ಮ ಯಜಮಾನ್ರು ಹೇಳಿದ್ರು ಅಂತ ಅಲ್ಲ, ನಿಮ್ಗೆ ಅನ್ಸಿದ್ರೆ.

ಈಗ ಏನ್ ಮಾಡೋದು ಅನ್ನೋದಕ್ಕೆ ಬರ್ತೀನಿ. ನಾನು ಎಲ್ಲರಿಗೂ ಮೊದ್ಲು ಹೇಳೋದು, ಬೇಗ ಕೇಳಿ, ಸಣ್ಣದಾಗಿ ಕೇಳಿ. ನಮ್ಮಲ್ಲಿ ಹೆಚ್ಚಿನವರು ಕೇಳೋದೇ ಇಲ್ಲ, ತಡ್ಕೋತಾರೆ, ತಡ್ಕೊಂಡು ತಡ್ಕೊಂಡು ಅರ್ಧ ಗಂಟೆ ಆದ್ಮೇಲೆ ಹಾಲು ಉಕ್ಕಿದ ಹಾಗೆ ಉಕ್ತಾರೆ, ಆ ಹುಡುಗನ ಲೆಕ್ಕದಲ್ಲಿ ಅದು ಮೊದಲನೇ ಮಾತು, ನಿಮ್ಮ ಲೆಕ್ಕದಲ್ಲಿ ಐವತ್ತನೇದು. ಅವನಿಗೆ ಕಾಣ್ಸಿದ್ದು ಸುಮ್ನೆ ಕೂತಿದ್ದ ಅವನ ಮೇಲೆ ಯಾರೋ ಇದ್ದಕ್ಕಿದ್ದ ಹಾಗೆ ನಾಲ್ಕು ಜನರ ಮುಂದೆ ಕಿರುಚಿದ್ದು, ಅಲ್ಲಿ ಸೌಂಡ್ ಕಮ್ಮಿ ಮಾಡಿದ್ರೆ ಸೋತ ಹಾಗೆ, ಅದಕ್ಕೇ ಜಾಸ್ತಿ ಮಾಡಿದ. ಅದೇ ಶುರುವಾದ ಒಂದೆರಡು ನಿಮಿಷದಲ್ಲಿ, ನಿಮ್ಗಿನ್ನೂ ಸಿಟ್ಟು ಏರದೇ ಇರೋವಾಗ, ಮೆಲ್ಲಗೆ ‘ಸ್ವಲ್ಪ ಸೌಂಡ್ ಕಮ್ಮಿ ಮಾಡ್ತೀರಾ’ ಅಂತಷ್ಟೇ ಹೇಳಿ ಕಿಟಕಿ ಕಡೆ ತಿರುಗ್ಬಿಡಿ. ಇಯರ್‌ಫೋನ್ ಹಾಕ್ಕೊಳ್ಳೋಕಾಗಲ್ವಾ ಅಂತ ಕೇಳ್ಬೇಡಿ, ಅವರ ಹತ್ರ ಇಲ್ದೇ ಇರಬಹುದು, ಅಲ್ಲೇ ಮುಜುಗರ ಶುರುವಾಗುತ್ತೆ. ಮಾಡ್ತಾನಾ ಇಲ್ವಾ ಅಂತ ದಿಟ್ಟಿಸಿ ನೋಡ್ತಾನೂ ಇರ್ಬೇಡಿ. ಜನ ಅರ್ಧ ನಿಮಿಷ ಬಿಟ್ಟು ತಾವೇ ಮಾಡಿದ ಹಾಗೆ ಕಮ್ಮಿ ಮಾಡ್ತಾರೆ, ಆ ಅರ್ಧ ನಿಮಿಷ ಅವರಿಗೆ ಕೊಡಿ. ಪೂರ್ತಿ ನಿಲ್ಲಿಸ್ದೆ ಅರ್ಧಕ್ಕೆ ಇಳಿಸಿದ್ರೂ ಥ್ಯಾಂಕ್ಸ್ ಹೇಳಿ.

ಇದು ಎಲ್ಲಾ ಸಲ ನಡೆಯಲ್ಲ. ಕುಡಿದಿರೋರು, ಗುಂಪಲ್ಲಿರೋ ಹುಡುಗರು, ರಾತ್ರಿ ಖಾಲಿ ಬೋಗಿ, ಇಲ್ಲೆಲ್ಲಾ ಕೇಳೋಕೆ ಹೋಗ್ಲೇಬೇಡಿ, ಎದ್ದು ಜಾಗ ಬದಲಾಯ್ಸಿ. ಅದು ಸೋಲಲ್ಲ. ರೈಲಲ್ಲಿ ಹೆಲ್ಪ್‌ಲೈನ್ 139 ಇದೆ, ಬೇರೆ ಪ್ರಯಾಣಿಕರಿಗೆ ತೊಂದರೆ ಕೊಡೋದು 1989ರ ರೈಲ್ವೆ ಕಾಯ್ದೆಯ 145ನೇ ಸೆಕ್ಷನ್ ಪ್ರಕಾರ ಅಪರಾಧ ಕೂಡ ಹೌದು. ಆದ್ರೆ ದಿನಾ ಒಂದೇ ಟ್ರೇನಲ್ಲಿ ಓಡಾಡೋರಿಗೆ ಒಂದು ಮಾತು, ನಾಳೆ ಅದೇ ಮುಖಗಳನ್ನ ಮತ್ತೆ ನೋಡ್ಬೇಕು, ಹಂಗಾಗಿ ಸಣ್ಣ ಸೌಂಡಿಗೆಲ್ಲಾ ಸೆಕ್ಷನ್ ಹೇಳ್ಬೇಡಿ, ಬೆದರಿಕೆ ಬಂದಾಗ, ಕೇಳಿದ್ದಕ್ಕೆ ಮೈಮೇಲೆ ಬಂದಾಗ ಹಿಂದೆಮುಂದೆ ನೋಡದೆ ಫೋನ್ ಮಾಡಿ.

ನನಗೆ ಹೆಚ್ಚು ನಂಬಿಕೆ ಇರೋದು ಬೇರೆ ಒಂದು ದಾರಿ ಮೇಲೆ. ಪಾಸ್ ಇರೋರದ್ದು ಒಂದು ಸಣ್ಣ ಊರೇ ಇರುತ್ತಲ್ಲ, ದಿನಾ ಅದೇ ಬೋಗಿ, ಅದೇ ಸೀಟು. ಜಗಳ ಇಲ್ಲದ ದಿನ, ಪಕ್ಕ ಕೂರೋ ಇಬ್ಬರು ಮೂವರ ಹತ್ರ ಈ ಸೌಂಡು ನಿಮ್ಗೂ ಹಿಂಸೆ ಆಗುತ್ತಾ ಅಂತ ಕೇಳಿ ನೋಡಿ. ಹೌದು ಅನ್ನೋರೇ ಹೆಚ್ಚು ಸಿಗ್ತಾರೆ. ಆಮೇಲೆ ನೀವು ಕೇಳಿದಾಗ ಪಕ್ಕದಿಂದ ಇನ್ನೊಂದು ದನಿ ‘ಹೌದಪ್ಪಾ, ಸ್ವಲ್ಪ ಕಮ್ಮಿ ಮಾಡು’ ಅಂದ್ರೆ ಸಾಕು, ಅದು ಒಬ್ಬ ಹೆಂಗಸಿನ ಕಿರಿಕಿರಿಯಾಗಿ ಉಳಿಯಲ್ಲ, ಆ ಬೋಗಿಯ ಪದ್ಧತಿ ಆಗುತ್ತೆ.

ಕಿವಿ ಮುಚ್ಕೊಳ್ಳೋ ಉಪಾಯಕ್ಕೂ ಜಾಗ ಇದೆ. ಸ್ಪಂಜಿನ ಇಯರ್‌ಪ್ಲಗ್ ಅಗ್ಗ, ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ಟ್ರೇನಿನ ಗುಂಯ್ ಅನ್ನೋ ಸದ್ದಿಗೆ ಚೆನ್ನಾಗಿ ಕೆಲ್ಸ ಮಾಡುತ್ತೆ, ಮಾತಿಗೆ ಅಷ್ಟಿಲ್ಲ. ಅಪಾಯ ಏನಂದ್ರೆ, ಹೊರಗಿನ ಸದ್ದು ಮುಚ್ಚೋಕೆ ನಿಮ್ಮ ಹಾಡಿನ ವಾಲ್ಯೂಮ್ ಏರಿಸ್ತಾ ಹೋಗೋದು. ಕಿವಿಗೆ ಹಾನಿ ಆಗದ ಹಾಗೆ ಕೇಳೋಕೆ ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಮಿತಿ ವಾರಕ್ಕೆ 40 ಗಂಟೆ, ಅದೂ 80 ಡೆಸಿಬೆಲ್ಲಿಗೆ, ಸೌಂಡ್ ಏರಿದ ಹಾಗೆ ಆ ಗಂಟೆಗಳು ಬೇಗ ಬೇಗ ಕಮ್ಮಿ ಆಗುತ್ತೆ. ಮನೆ, ಆಫೀಸು, ರಸ್ತೆ ಎಲ್ಲಾ ಕಡೆ ಇಡೀ ದಿನ ಪ್ಲಗ್ ಹಾಕ್ಕೊಂಡಿದ್ರೆ ಮಾಮೂಲಿ ಸದ್ದೂ ಚುಚ್ಚೋಕೆ ಶುರುವಾಗಬಹುದು, ಅದಕ್ಕೇ ಟ್ರೇನಿಗೆ ಮಾತ್ರ ಇಟ್ಕೊಳ್ಳಿ, ಕತ್ತಲಾದ್ಮೇಲೆ ಒಂದು ಕಿವಿ ಬಿಟ್ಟಿರಿ.

ಆಫೀಸಿಗೆ ಹೋಗಿ ಎಲ್ಲರ ಹತ್ರ ಹೇಳ್ಕೊಂಡು ಸಿಟ್ಟು ಹೊರಗೆ ಹಾಕಿದ್ರೆ ಹಗುರ ಆಗುತ್ತೆ ಅಂತ ಎಲ್ಲರೂ ನಂಬಿರ್ತಾರೆ, ಅದು ನಿಜ ಅಲ್ಲ. ಬ್ರಾಡ್ ಬುಶ್ಮನ್ ಅನ್ನೋ ಮನಶ್ಶಾಸ್ತ್ರಜ್ಞ 2002ರಲ್ಲಿ ತೋರಿಸಿದ ಹಾಗೆ, ಸಿಟ್ಟು ಬರಿಸಿದವರನ್ನ ನೆನಸ್ಕೊಂಡು ಪಂಚಿಂಗ್ ಬ್ಯಾಗಿಗೆ ಹೊಡೆದವರ ಸಿಟ್ಟು, ಸುಮ್ನೆ ಕೂತವರಿಗಿಂತ ಜಾಸ್ತಿನೇ ಇತ್ತು. 2024ರಲ್ಲಿ 154 ಅಧ್ಯಯನ ಒಟ್ಟಿಗೆ ಸೇರಿಸಿ ನೋಡಿದಾಗ್ಲೂ ಅದೇ, ಮೈ ಬಿಸಿ ಮಾಡೋದ್ರಿಂದ ಸಿಟ್ಟು ಇಳಿಯಲ್ಲ, ತಣ್ಣಗೆ ಮಾಡೋದ್ರಿಂದ ಇಳಿಯುತ್ತೆ. ಕೈ ನಡುಗಿದ ದಿನ ಸ್ಟೇಷನ್ನಿಂದ ನಿಧಾನ ನಡೀರಿ, ಉಸಿರು ಬಿಡೋದನ್ನ ಎಳ್ಕೊಳ್ಳೋದಕ್ಕಿಂತ ಉದ್ದ ಮಾಡಿ ಐದು ನಿಮಿಷ, ನಡೆದಿದ್ದನ್ನ ಒಬ್ರಿಗೆ ಒಂದ್ಸಲ ಹೇಳಿ, ಹತ್ತು ಜನಕ್ಕೆ ಹತ್ತು ಸಲ ಬೇಡ.

ಮಾವನವರ ಟಿವಿ ಇದರ ಜೊತೆ ಸೇರಿಸ್ಲೇಬೇಡಿ, ಅದು ಬಹುಶಃ ಧೋರಣೆ ವಿಷಯ ಅಲ್ಲ, ಕಿವಿಯದ್ದು. ವಯಸ್ಸಾದಾಗ ಮೊದ್ಲು ಹೋಗೋದು ತೀಕ್ಷ್ಣ ಸದ್ದು ಕೇಳೋ ಶಕ್ತಿ. ಸ, ಶ, ಫ, ಕ, ತ ಇಂಥವು ಮಸುಕಾಗುತ್ತೆ, ಆ, ಓ ಚೆನ್ನಾಗೇ ಕೇಳುತ್ತೆ. ಹಂಗಾಗಿ ಯಾರೋ ಮಾತಾಡ್ತಿರೋದು ಗೊತ್ತಾಗುತ್ತೆ, ಏನು ಅಂತ ಗೊತ್ತಾಗಲ್ಲ, ವಾಲ್ಯೂಮ್ ಏರಿಸ್ತಾರೆ, ಆದ್ರೂ ಸ್ಪಷ್ಟ ಆಗಲ್ಲ, ಇನ್ನೂ ಏರಿಸ್ತಾರೆ. ಕಿವಿ ಕೇಳಲ್ಲ ಅಂತ ಅವರಿಗೇ ಗೊತ್ತಿರಲ್ಲ, ಈಗಿನ ಜನ ನೆಟ್ಟಗೆ ಮಾತಾಡಲ್ಲ ಅಂತಾರೆ. ಮಂಡ್ಯದಿಂದ ಮೈಸೂರು ದೂರ ಏನಲ್ಲ, ಮಾನಸಗಂಗೋತ್ರಿ ಪಕ್ಕದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ ಟೆಸ್ಟ್ ಮಾಡ್ಸಿ, ನೋವೂ ಆಗಲ್ಲ. ಸೌಂಡಿನ ದೂರು ಅಂತ ಕರ್ಕೊಂಡು ಹೋಗ್ಬೇಡಿ, ನಿಮ್ಮ ಯಜಮಾನ್ರೇ ಬಿಪಿ ಶುಗರ್ ಚೆಕಪ್ ಮಾಡಿಸೋ ಹಾಗೆ ಕರ್ಕೊಂಡು ಹೋಗ್ಲಿ, ಸೊಸೆ ಹೇಳಿದ್ರೆ ಅದಕ್ಕೊಂದು ಬೇರೆ ಅರ್ಥ ಬರುತ್ತೆ. ಕಿವಿ ಸಮಸ್ಯೆ ಹಾಗೇ ಬಿಟ್ರೆ ಮರೆವಿನ ಕಾಯಿಲೆ ಅಪಾಯಾನೂ ಹೆಚ್ಚುತ್ತೆ, ಹಂಗಾಗಿ ಇದು ನಿಮ್ಮ ನೆಮ್ಮದಿಗಿಂತ ಅವರ ಆರೋಗ್ಯಕ್ಕೇ ಮುಖ್ಯ. ಅಲ್ಲಿ ತನಕ ಕುರ್ಚಿ ಟಿವಿ ಹತ್ರಕ್ಕೆ ಎಳೀರಿ, ಟಿವಿಗೆ ಬ್ಲೂಟೂತ್ ಇದ್ರೆ ಅವರಿಗೊಂದು ಹೆಡ್‌ಫೋನ್ ಕೊಡ್ಸಿ.

ಮಗಳದ್ದು ಎಲ್ಲಕ್ಕಿಂತ ಸುಲಭ, ಯಾಕಂದ್ರೆ ಅವಳಿಗಿನ್ನೂ ಅಭ್ಯಾಸ ಗಟ್ಟಿ ಆಗಿಲ್ಲ. ಮನೆಯಿಂದ ಆಚೆ ಹೋದ್ರೆ ಫೋನ್ ಮ್ಯೂಟ್, ಇದು ಅಪ್ಪ ಅಮ್ಮ ಅಜ್ಜ ಎಲ್ಲರಿಗೂ ಒಂದೇ ರೂಲು ಅಂತ ಮಾಡಿ, ನಿಮ್ಮಿಬ್ಬರ ವಾಟ್ಸಾಪ್ ವಿಡಿಯೋಗೂ ಸೇರಿ. ಹೋಟೆಲಲ್ಲಿ ಅವಳು ಸೌಂಡ್ ಇಟ್ಟಾಗ ಬೈಬೇಡಿ, ಅಲ್ಲಿ ಕೂತಿರೋರಿಗೆ ನಮ್ಮ ವಿಡಿಯೋ ಕೇಳ್ಬೇಕಾ ಬೇಡ್ವಾ ಅಂತ ನಮಗೆ ಗೊತ್ತಿಲ್ಲ ಅಲ್ವಾ ಅಂತ ಕೇಳಿ, 8 ವರ್ಷಕ್ಕೆ ಇದು ಅರ್ಥ ಆಗುತ್ತೆ. ಮಕ್ಕಳ ಹೆಡ್‌ಫೋನ್ ತಗೊಳ್ಳೋದಾದ್ರೆ ವಾಲ್ಯೂಮ್ 85 ಡೆಸಿಬೆಲ್ ದಾಟದ ಹಾಗೆ ಲಿಮಿಟ್ ಇರೋದು ತಗೊಳ್ಳಿ, ಊಟದ ಹೊತ್ತಿಗೆ ಮಾತ್ರ ಸೌಂಡ್ ಇದ್ರೂ ಇಲ್ಲದಿದ್ರೂ ಫೋನ್ ಕೊಡ್ಲೇಬೇಡಿ.